ಬರ್ಟ್ರಾಂಡ್‌ಗೆ ಗೊತ್ತಿತ್ತೆ?

ಬೇರೊಬ್ಬನ ಹೆಸರು ಹೊತ್ತು ಬಂದವನ ಕಥೆ ನೋಡುವಾಗ ನಮ್ಮ ಕಣ್ಣೆಲ್ಲ ಅವನ ಮೇಲೇ ಇರುತ್ತದೆ. ಎಲ್ಲಿ ತಡವರಿಸುತ್ತಾನೆ, ಯಾವ ಮಾತಿನಲ್ಲಿ ಸಿಕ್ಕಿಬೀಳುತ್ತಾನೆ ಎಂದು ಕಾಯುತ್ತಾ ಕೂರುತ್ತೇವೆ. ಡ್ಯಾನಿಯಲ್ ವಿನ್ಯ ನಿರ್ದೇಶಿಸಿ 1982ರಲ್ಲಿ ತೆರೆಗೆ ಬಂದ ಫ್ರೆಂಚ್ ಚಿತ್ರ ‘ದಿ ರಿಟರ್ನ್ ಆಫ್ ಮಾರ್ಟಿನ್ ಗೆರ್’ ಮೇಲ್ನೋಟಕ್ಕೆ ಅಂಥದೇ ಒಂದು ಕಥೆ. ಜೆರಾರ್ ದೆಪಾರ್ದ್ಯುವಿನ ದೊಡ್ಡ ದೇಹ, ದೊಡ್ಡ ನಗು ಚಿತ್ರದ ಬಹುಪಾಲನ್ನು ಆಕ್ರಮಿಸಿಕೊಳ್ಳುತ್ತದೆ. ಆದರೆ ಈ ಪ್ರಕರಣದಲ್ಲಿ ಹೊಸ ಗುರುತನ್ನು ನಿಜವಾಗಿ ಧರಿಸಿ ದಕ್ಕಿಸಿಕೊಂಡದ್ದು ಅವನಲ್ಲ, ಅವನ ಪಕ್ಕದಲ್ಲಿ ಹೆಚ್ಚು ಮಾತಾಡದೆ ನಿಂತ ಹೆಂಡತಿ ಎಂಬುದು ನನ್ನ ವಾದ. ಅವನು ಒಂದೇ ಒಂದು ವೇಷ ಹಾಕಿ ನೇಣಿಗೇರಿದ. ಅವಳು ಮೂರು ನಾಲ್ಕು ವೇಷ ಬದಲಿಸಿ ಉಳಿದುಕೊಂಡಳು. ಚಿತ್ರಕ್ಕೆ ಇದು ಅರ್ಧ ಗೊತ್ತಿದೆ. ಉಳಿದರ್ಧವನ್ನು ಅದು ಕೊನೆಯಲ್ಲಿ ಕೈಯಾರೆ ಕೆಡಿಸುತ್ತದೆ.

ಮೊದಲು ನಡೆದದ್ದೇನು ಎಂದು ಹೇಳಿಬಿಡಬೇಕು, ಏಕೆಂದರೆ ಇದು ಕಟ್ಟುಕಥೆಯಲ್ಲ. ಫ್ರಾನ್ಸಿನ ದಕ್ಷಿಣಕ್ಕೆ, ಪಿರನೀಸ್ ಬೆಟ್ಟಗಳ ಕಡೆಯ ಸೀಮೆಯಲ್ಲಿ ಆರ್ತಿಗಾ ಎಂಬ ಹಳ್ಳಿಯಿದೆ. 1538ರಲ್ಲಿ ಅಲ್ಲಿ ಮಾರ್ಟಿನ್ ಗೆರ್‌ಗೂ ಬರ್ಟ್ರಾಂಡ್ ದ ರೋಲ್ಸ್‌ಗೂ ಮದುವೆಯಾಯಿತು. ಹುಡುಗನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಹುಡುಗಿ ಅವನಿಗಿಂತ ಚಿಕ್ಕವಳು. ಎಂಟು ವರ್ಷ ಮಕ್ಕಳಾಗಲಿಲ್ಲ. ಯಾರೋ ಮಾಟ ಮಾಡಿಸಿದ್ದಾರೆ ಎಂದಿತು ಊರು. ಕೊನೆಗೊಂದು ಗಂಡುಮಗು ಹುಟ್ಟಿತು. 1548ರಲ್ಲಿ, ಅಪ್ಪನ ಕಣಜದಿಂದಲೇ ಧಾನ್ಯ ಕದ್ದ ಎಂಬ ಆರೋಪ ಹೊತ್ತು ಮಾರ್ಟಿನ್ ಹೇಳದೆ ಕೇಳದೆ ಊರು ಬಿಟ್ಟ. ಎಂಟು ವರ್ಷ ಸುದ್ದಿಯಿಲ್ಲ. ಅಷ್ಟರಲ್ಲಿ ಅವನ ಅಪ್ಪ ತೀರಿಕೊಂಡ. ಜಮೀನಿನ ಯಜಮಾನಿಕೆ ಚಿಕ್ಕಪ್ಪ ಪಿಯರ್ ಗೆರ್ ಕೈಗೆ ಬಂತು. ವಿಧವೆಯಾಗಿದ್ದ ಬರ್ಟ್ರಾಂಡ್‌ಳ ತಾಯಿಯನ್ನು ಈ ಪಿಯರ್ ಮದುವೆಯಾದ. ಎರಡು ಮನೆಯ ಆಸ್ತಿ ಒಂದೇ ಕೈಯಲ್ಲಿ ಸೇರಿತು ಎಂಬುದನ್ನು ನೆನಪಿಟ್ಟುಕೊಳ್ಳಿ.

1556ರಲ್ಲಿ ‘ಮಾರ್ಟಿನ್’ ವಾಪಸು ಬಂದ. ಬಂದವನು ಸಾಜಾಸ್ ಎಂಬ ಇನ್ನೊಂದು ಹಳ್ಳಿಯ ಆರ್ನೋ ದ್ಯು ತೀಲ್. ಮಾತಿನ ಮಲ್ಲ, ಅಸಾಧಾರಣ ನೆನಪಿನ ಶಕ್ತಿಯವನು. ಊರವರನ್ನು ಹೆಸರು ಹಿಡಿದು ಕರೆದ, ಹಳೆಯ ಸಂಗತಿ ತೆಗೆದು ನಕ್ಕ. ಹೆಂಡತಿಯ ಎದುರು ನಿಂತಾಗ, ಪೆಟ್ಟಿಗೆಯಲ್ಲಿ ಬಿಟ್ಟುಹೋಗಿದ್ದ ತನ್ನ ಬಿಳಿಯ ಕಾಲುಡುಗೆಯ ಮಾತೆತ್ತಿದನಂತೆ. ಅದು ಅಲ್ಲೇ ಇತ್ತು. ಮೊದಲು ತಂಗಿಯರು ಒಪ್ಪಿದರು, ಆಮೇಲೆ ಚಿಕ್ಕಪ್ಪ ಒಪ್ಪಿದ, ಬರ್ಟ್ರಾಂಡ್ ಒಪ್ಪಿದಳು. ಮೂರು ವರ್ಷಕ್ಕೂ ಹೆಚ್ಚು ಕಾಲ ಇಬ್ಬರೂ ಸಂಸಾರ ಮಾಡಿದರು. ಎರಡು ಹೆಣ್ಣುಮಕ್ಕಳು ಹುಟ್ಟಿ ಒಂದು ಉಳಿಯಿತು.

ಒಂದು ಹಳ್ಳಿಗೆ ಹಳ್ಳಿಯೇ ಹೀಗೆ ಮೋಸಹೋಗಲು ಸಾಧ್ಯವೇ ಎಂದು ಇಂದು ಕೇಳುವುದು ಸುಲಭ. ಆ ಕಾಲದ ರೈತನಿಗೆ ಭಾವಚಿತ್ರವಿಲ್ಲ, ಸಹಿಯಿಲ್ಲ, ಕಾಗದಪತ್ರವಿಲ್ಲ. ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ್ದನ್ನು ಚರ್ಚುಗಳು ದಾಖಲಿಸಬೇಕು ಎಂದು ಫ್ರಾನ್ಸಿನ ದೊರೆ ಆಜ್ಞೆ ಹೊರಡಿಸಿದ್ದೇ 1539ರಲ್ಲಿ, ಅಂದರೆ ಈ ಮದುವೆಯಾದ ಮರುವರ್ಷ. ಮನುಷ್ಯ ಯಾರು ಎಂಬುದಕ್ಕೆ ಸಾಕ್ಷಿ ಇದ್ದದ್ದು ನೆರೆಯವರ ನೆನಪಿನಲ್ಲಿ ಮಾತ್ರ. ಹದಿಹರೆಯ ದಾಟಿ ಹೋದವನು ಗಡ್ಡ ಬಿಟ್ಟು, ಮೈ ತುಂಬಿಕೊಂಡು, ಸೈನ್ಯದಲ್ಲಿ ತಿರುಗಾಡಿ ಬಂದರೆ ಆ ನೆನಪು ಎಷ್ಟನ್ನು ತಡೆದೀತು?

ಚಿತ್ರದ ನಿಧಾನಗತಿಯನ್ನು ಕೆಲವರು ದೂರುತ್ತಾರೆ. ಬೆಂಕಿಯ ಬೆಳಕಲ್ಲಿ ಕೂತ ಮನೆಮಂದಿ, ಹೊಲದ ಕೆಲಸ, ಕೊಟ್ಟಿಗೆ, ಚರ್ಚು ಎಂದು ಚಿತ್ರ ಸಾವಧಾನವಾಗಿ ಸಾಗುತ್ತದೆ, ‘ಏನೂ ಆಗುವುದಿಲ್ಲ’. ಆದರೆ ಇಲ್ಲಿ ನಿಧಾನವೇ ವಾದ. ಹಳ್ಳಿಯವರು ಅವನನ್ನು ಒಪ್ಪಿಕೊಂಡದ್ದು ಒಂದು ಕ್ಷಣದಲ್ಲಿ ಅಲ್ಲ. ಅವನು ದಿನಾ ಹೊಲಕ್ಕೆ ಹೋದ, ದುಡಿದ, ಹೆಂಡತಿಯನ್ನು ಚೆನ್ನಾಗಿ ನೋಡಿಕೊಂಡ, ಸಂಜೆ ಒಲೆಯ ಮುಂದೆ ಕೂತು ಕಥೆ ಹೇಳಿದ. ಹಳೆಯ ಮಾರ್ಟಿನ್ ಸಿಡುಕ, ಹೊಸಬ ಹಸನ್ಮುಖಿ. ಊರಿಗೆ ಯಾವ ಮಾರ್ಟಿನ್ ಬೇಕಿತ್ತು ಎಂಬುದು ಯಾರೂ ಬಾಯಿಬಿಟ್ಟು ಹೇಳದೆ ತೀರ್ಮಾನವಾಯಿತು. ಇದನ್ನು ಚುರುಕಾಗಿ ಕತ್ತರಿಸಿ ತೋರಿಸಿದ್ದರೆ ಮೋಸಗಾರನ ಚಾಲಾಕಿತನ ಮಾತ್ರ ಕಾಣುತ್ತಿತ್ತು, ಮೋಸದಲ್ಲಿ ಊರಿಗಿದ್ದ ಪಾಲು ಕಾಣುತ್ತಿರಲಿಲ್ಲ.

ಹಾಗಾದರೆ ಸಿಕ್ಕಿಬಿದ್ದದ್ದು ಹೇಗೆ? ಸುಳ್ಳು ಹೇಳಿದ್ದಕ್ಕಲ್ಲ, ಲೆಕ್ಕ ಕೇಳಿದ್ದಕ್ಕೆ. ತಾನಿಲ್ಲದ ವರ್ಷಗಳಲ್ಲಿ ತನ್ನ ಪಾಲಿನ ಜಮೀನಿನಿಂದ ಬಂದ ಉತ್ಪತ್ತಿ ಎಲ್ಲಿ ಎಂದು ಅವನು ಚಿಕ್ಕಪ್ಪನನ್ನು ಕೇಳಿದ. ಚಿಕ್ಕಪ್ಪ ಜಾರಿಕೊಂಡಾಗ ಅವನ ಮೇಲೆ ದಾವೆಯನ್ನೇ ಹೂಡಿದ. ಅಲ್ಲಿಯವರೆಗೆ ಅಣ್ಣನ ಮಗನಾಗಿದ್ದವನು ಆಗ ಪಿಯರ್‌ನ ಕಣ್ಣಿಗೆ ಮೋಸಗಾರನಾಗಿ ಕಂಡ. ದಾರಿಹೋಕ ಸೈನಿಕನೊಬ್ಬ, ಮಾರ್ಟಿನ್ ಗೆರ್ ಯುದ್ಧದಲ್ಲಿ ಕಾಲು ಕಳೆದುಕೊಂಡವನು, ಇವನಿಗೆ ಎರಡೂ ಕಾಲಿವೆಯಲ್ಲ ಎಂದು ಹೇಳಿಹೋದದ್ದು ಪಿಯರ್‌ಗೆ ಅನುಕೂಲವಾಯಿತು. ನಮ್ಮ ದಾಯಾದಿ ವ್ಯಾಜ್ಯಗಳನ್ನು ಹತ್ತಿರದಿಂದ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಪಹಣಿಯ ಮಾತು ಬರುವವರೆಗೆ ಎಲ್ಲರೂ ಅಣ್ಣತಮ್ಮಂದಿರೇ.

1560ರ ಆರಂಭದಲ್ಲಿ ರಿಯೂ ಎಂಬ ಪಟ್ಟಣದಲ್ಲಿ ವಿಚಾರಣೆ ನಡೆಯಿತು. ದೂರು ಬರ್ಟ್ರಾಂಡ್ ಹೆಸರಿನಲ್ಲಿತ್ತು, ಹಿಂದೆ ಇದ್ದ ಕೈ ಪಿಯರ್‌ದು. ಸುಮಾರು 150 ಸಾಕ್ಷಿಗಳು ಬಂದರು. ಇವನು ಮಾರ್ಟಿನ್ನೇ ಎಂದವರು ಹಲವರು, ಅಲ್ಲವೇ ಅಲ್ಲ ಎಂದವರು ಇನ್ನೂ ಕೆಲವರು ಹೆಚ್ಚು. ಎಲ್ಲರಿಗಿಂತ ದೊಡ್ಡ ಗುಂಪು, ಹೇಳಲಾಗದು ಎಂದವರದು. ಊರಿನ ಚಮ್ಮಾರ ಬಂದು, ಮಾರ್ಟಿನ್‌ನ ಪಾದದ ಅಳತೆ ಹನ್ನೆರಡು, ಇವನದು ಒಂಬತ್ತು ಎಂದ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಕ್ಷಿ ಈತ. ಮುಖ ಬದಲಾಗಬಹುದು, ಸ್ವಭಾವ ಬದಲಾಗಬಹುದು, ಪಾದ ಚಿಕ್ಕದಾಗುವುದು ಹೇಗೆ? ಆದರೂ ಅದೊಂದೇ ಸಾಕಾಗಲಿಲ್ಲ. ರಿಯೂದಲ್ಲಿ ಮರಣದಂಡನೆಯಾಯಿತು, ಆರೋಪಿ ಟುಲೂಸಿನ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋದ. ಅಲ್ಲಿ ಪ್ರಕರಣದ ವರದಿಯ ಹೊಣೆ ಹೊತ್ತವನು ಜಾಂ ದ ಕೊರಾಸ್ ಎಂಬ ಹೆಸರಾಂತ ಕಾನೂನು ಪಂಡಿತ. ಅವನು ಆರೋಪಿಯ ಪರ ವಾಲುತ್ತಿದ್ದ. ತಪ್ಪಿತಸ್ಥ ತಪ್ಪಿಸಿಕೊಂಡರೂ ಚಿಂತೆಯಿಲ್ಲ, ನಿರಪರಾಧಿಗೆ ಶಿಕ್ಷೆಯಾಗಬಾರದು ಎಂಬ ಹಳೆಯ ರೋಮನ್ ನ್ಯಾಯ ಅವನ ಬೆನ್ನಿಗಿತ್ತು. ಬಿಡುಗಡೆ ಇನ್ನೇನು ಆಯಿತು ಎನ್ನುವಾಗ ಮರದ ಕಾಲು ಊರಿಕೊಂಡು ನಿಜವಾದ ಮಾರ್ಟಿನ್ ಗೆರ್ ನ್ಯಾಯಾಲಯದೊಳಗೆ ಬಂದ. ಕಥೆಗಾರ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಎಲ್ಲರೂ ಬೆರಗಾಗುವುದು ಈ ಮರದ ಕಾಲಿಗೆ. ನಾನು ಹಿಂದಕ್ಕೆ ಹೋಗಿ ಇನ್ನೊಂದು ಘಳಿಗೆಯ ಮುಂದೆ ನಿಲ್ಲಬಯಸುತ್ತೇನೆ. ವಿಚಾರಣೆಯ ನಡುವೆ ಆರ್ನೋ ಒಂದು ಸವಾಲು ಹಾಕಿದ: ನಾನು ಮಾರ್ಟಿನ್ ಅಲ್ಲ ಎಂದು ನನ್ನ ಹೆಂಡತಿ ಪ್ರಮಾಣ ಮಾಡಿ ಹೇಳಲಿ, ಆಮೇಲೆ ನನ್ನನ್ನು ಕೊಲ್ಲಿ. ದೂರು ಕೊಟ್ಟವಳೇ ಅವಳು. ಒಂದು ಮಾತು ಹೇಳಿದ್ದರೆ ಪ್ರಕರಣ ಮುಗಿಯುತ್ತಿತ್ತು. ಬರ್ಟ್ರಾಂಡ್ ಪ್ರಮಾಣ ಮಾಡಲಿಲ್ಲ. ಅವನೇ ನನ್ನ ಗಂಡ ಎಂದೂ ಹೇಳಲಿಲ್ಲ. ಸುಮ್ಮನಾದಳು.

ಈ ಮೌನವನ್ನು ಹೇಗೆ ಓದಬೇಕು? ಚಿತ್ರಕ್ಕೆ ಸಲಹೆಗಾರಳಾಗಿದ್ದ ಇತಿಹಾಸಕಾರ್ತಿ ನಟಾಲಿ ಜೆಮನ್ ಡೇವಿಸ್, 1983ರಲ್ಲಿ ಇದೇ ಪ್ರಕರಣದ ಮೇಲೆ ಪುಸ್ತಕ ಬರೆದರು. ಬರ್ಟ್ರಾಂಡ್‌ಗೆ ಬೇಗನೆ ಗೊತ್ತಾಗಿತ್ತು, ಗೊತ್ತಿದ್ದೇ ಅವಳು ಆರ್ನೋನೊಡನೆ ಬದುಕು ಕಟ್ಟಿಕೊಂಡಳು, ಆ ಮದುವೆ ಇಬ್ಬರೂ ಸೇರಿ ಕಟ್ಟಿದ್ದು ಎಂಬುದು ಅವರ ವಾದ. 1988ರಲ್ಲಿ ರಾಬರ್ಟ್ ಫಿನ್ಲೆ ಎಂಬ ಇತಿಹಾಸಕಾರ ಇದನ್ನು ಕಟುವಾಗಿ ಟೀಕಿಸಿದರು. ಕೊರಾಸ್ ಬರೆದಿಟ್ಟ ವೃತ್ತಾಂತದಲ್ಲಿ ಬರ್ಟ್ರಾಂಡ್ ಮೋಸಹೋದವಳೇ ಹೊರತು ಜೊತೆಗಾತಿಯಲ್ಲ, ಡೇವಿಸ್ ಇಪ್ಪತ್ತನೆಯ ಶತಮಾನದ ಹೆಣ್ಣನ್ನು ಹದಿನಾರನೆಯ ಶತಮಾನದೊಳಗೆ ಕೂರಿಸಿದ್ದಾರೆ ಎಂಬುದು ಅವರ ಆಕ್ಷೇಪ. ಇಬ್ಬರ ನಡುವಿನ ವಾಗ್ವಾದ ಇತಿಹಾಸದ ವಿದ್ಯಾರ್ಥಿಗಳ ಓದಿನಲ್ಲಿ ಇಂದಿಗೂ ಇದೆ.

ನನಗೆ ಡೇವಿಸ್ ಹೆಚ್ಚು ಸರಿ ಎನಿಸುತ್ತದೆ. ಆದರೆ ಗೊತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆಗಿಂತ ಮುಖ್ಯವಾದ ಇನ್ನೊಂದಿದೆ. ಗೊತ್ತಿತ್ತು ಎಂದು ಹೇಳಲು ಅವಳಿಗೆ ಜಾಗವೆಲ್ಲಿತ್ತು? ಗಂಡ ಎಂಟು ವರ್ಷ ನಾಪತ್ತೆಯಾದರೂ, ಅವನು ಸತ್ತ ಖಚಿತ ಸುದ್ದಿ ಬರದೆ ಅವಳು ಮರುಮದುವೆಯಾಗುವಂತಿರಲಿಲ್ಲ. ಗಂಡನಿದ್ದೂ ಇಲ್ಲ, ವಿಧವೆಯೂ ಅಲ್ಲ. ಹೊಸ ಮಾರ್ಟಿನ್ ಬಂದು ಆ ತ್ರಿಶಂಕು ಸ್ಥಿತಿಯಿಂದ ಅವಳನ್ನು ಮತ್ತೆ ಗೃಹಿಣಿಯ ಪೀಠಕ್ಕೆ ತಂದ. ಅವನು ಪರಕೀಯ ಎಂದು ಗೊತ್ತಿತ್ತು ಎಂದರೆ ಅವಳು ವ್ಯಭಿಚಾರಿಣಿ, ಮಗಳು ಅಕ್ರಮ ಸಂತಾನ. ಅವನೇ ಮಾರ್ಟಿನ್ ಎಂದು ಹಟ ಹಿಡಿದರೆ, ಅವನು ಸೋತ ದಿನ ಅವಳೂ ಅವನ ಜೊತೆಗಾತಿಯಾಗಿ ಕಟಕಟೆ ಏರಬೇಕು. ಪ್ರಮಾಣ ಮಾಡಿ ಅಲ್ಲಗಳೆದರೆ, ಆಮೇಲೆ ಅವನು ಗೆದ್ದ ದಿನ ಅದೇ ಮನೆಯಲ್ಲಿ ಅವನೊಡನೆ ಬದುಕಬೇಕು. ಎತ್ತ ಹೆಜ್ಜೆಯಿಟ್ಟರೂ ಹಳ್ಳವಿದ್ದಾಗ ನಿಂತಲ್ಲೇ ನಿಲ್ಲುವುದು ಹೇಡಿತನವಲ್ಲ. ಅವಳ ಮೌನ ಇಡೀ ನ್ಯಾಯಾಲಯದ ಅತ್ಯಂತ ಲೆಕ್ಕಾಚಾರದ ಹೇಳಿಕೆ.

ತೀರ್ಪು ನೋಡಿದರೆ ಆ ಲೆಕ್ಕ ಎಷ್ಟು ಸರಿಯಿತ್ತು ಎಂದು ತಿಳಿಯುತ್ತದೆ. 1560ರ ಸೆಪ್ಟೆಂಬರ್ 12ರಂದು ಟುಲೂಸ್ ನ್ಯಾಯಾಲಯ ಆರ್ನೋಗೆ ಮರಣದಂಡನೆ ವಿಧಿಸಿತು. ನಾಲ್ಕು ದಿನಗಳ ನಂತರ, ಬಿಳಿ ಅಂಗಿ ತೊಡಿಸಿ, ಬರಿಗಾಲಲ್ಲಿ ನಡೆಸಿ, ಕೈಯಲ್ಲಿ ಪಂಜು ಹಿಡಿಸಿ ಕ್ಷಮೆ ಕೇಳಿಸಿ, ಆರ್ತಿಗಾದಲ್ಲಿ ಮಾರ್ಟಿನ್ ಗೆರ್ ಮನೆಯ ಮುಂದೆಯೇ ಗಲ್ಲಿಗೇರಿಸಿದರು, ಹೆಣ ಸುಟ್ಟರು. ಬರ್ಟ್ರಾಂಡ್‌ಳನ್ನು ನ್ಯಾಯಾಲಯ ಬಿಟ್ಟಿತು. ಅವಳು ಸದ್ಭಾವನೆಯಿಂದ ಮೋಸಹೋದವಳು, ಆದ್ದರಿಂದ ಅವಳಿಗೆ ಹುಟ್ಟಿದ ಮಗಳು ಸಕ್ರಮ ಸಂತಾನ ಎಂದಿತು. ಆರ್ನೋನ ಸ್ವಂತ ಆಸ್ತಿ ಆ ಮಗಳಿಗೇ ಹೋಯಿತು. ಅಂದರೆ ‘ಮೋಸಹೋದ ಹೆಂಡತಿ’ ಎಂಬುದು ಕಾನೂನು ಅವಳಿಗೆ ಒದಗಿಸಿದ ಹೊಸ ಗುರುತು. ಅದನ್ನು ತೊಟ್ಟುಕೊಂಡರೆ ಮಾನ, ಮಗಳು, ಮನೆ ಮೂರೂ ಉಳಿಯುತ್ತಿದ್ದವು. ಅವಳು ತೊಟ್ಟುಕೊಂಡಳು. ನ್ಯಾಯಾಲಯಕ್ಕೂ ಅವಳು ಹಾಗಿರುವುದೇ ಬೇಕಿತ್ತು. ಗೊತ್ತಿದ್ದೂ ಒಪ್ಪಿದ ಹೆಂಡತಿಯನ್ನು ಏನು ಮಾಡುವುದು ಎಂಬ ಪ್ರಶ್ನೆ ಯಾರಿಗೂ ಬೇಕಿರಲಿಲ್ಲ.

ಗಂಡಸರ ಪಾಲಿಗೆ ಕಾನೂನು ಇನ್ನೂ ಸಲೀಸು. ನಿಜವಾದ ಮಾರ್ಟಿನ್ ಹೆಂಡತಿ ಮಗುವನ್ನು ಬಿಟ್ಟು ಸ್ಪೇನಿಗೆ ಹೋಗಿದ್ದ. 1557ರ ಸೇಂಟ್ ಕ್ವಾಂಟಿನ್ ಯುದ್ಧದಲ್ಲಿ ತನ್ನ ದೊರೆಯ ವಿರುದ್ಧವೇ, ಸ್ಪೇನಿನ ಕಡೆಯಿಂದ ಹೋರಾಡಿ ಕಾಲು ಕಳೆದುಕೊಂಡಿದ್ದ. ಕುಟುಂಬ ತೊರೆದದ್ದೂ ರಾಜದ್ರೋಹವೂ ಅವನ ಲೆಕ್ಕದಲ್ಲಿದ್ದವು. ಎರಡಕ್ಕೂ ಶಿಕ್ಷೆಯಿಲ್ಲ. ಅವನು ಮಾತ್ರ ಹೆಂಡತಿಯನ್ನು ಕ್ಷಮಿಸಲು ಸಿದ್ಧನಿರಲಿಲ್ಲ. ತಂಗಿಯರೂ ಚಿಕ್ಕಪ್ಪನೂ ಮೋಸಹೋದರೆ ಹೋಗಲಿ, ಗಂಡನ ಗುರುತು ಹೆಂಡತಿಗೆ ಸಿಗದೆ ಹೋಗುತ್ತದೆಯೇ ಎಂದು ಗದರಿದ್ದನ್ನು ಕೊರಾಸ್ ದಾಖಲಿಸಿದ್ದಾನೆ. ಹನ್ನೆರಡು ವರ್ಷ ಮುಖ ತೋರಿಸದವನ ಬಾಯಲ್ಲಿ ಈ ಮಾತು!

ನಾಗಮಂಡಲ ಬಲ್ಲ ಕನ್ನಡದ ಓದುಗರಿಗೆ ಇಲ್ಲಿ ರಾಣಿ ನೆನಪಾಗದೆ ಇರಳು. ಗಿರೀಶ ಕಾರ್ನಾಡರ ನಾಟಕದಲ್ಲೂ ಗಂಡನ ರೂಪ ತಾಳಿ ಬಂದ ನಾಗ ಗಂಡನಿಗಿಂತ ಒಳ್ಳೆಯ ಗಂಡನಾಗುತ್ತಾನೆ. ಅಲ್ಲೂ ಊರು ಹೆಂಗಸನ್ನು ಪ್ರಮಾಣಕ್ಕೆ ಎಳೆಯುತ್ತದೆ. ರಾಣಿ ಹಾವನ್ನು ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರಾರನ್ನೂ ಮುಟ್ಟಿಲ್ಲ ಎನ್ನುತ್ತಾಳೆ; ಅದು ಅಕ್ಷರಶಃ ನಿಜ, ಊರು ಅವಳನ್ನು ದೇವಿ ಮಾಡುತ್ತದೆ. ಬರ್ಟ್ರಾಂಡ್‌ಗೆ ಅಂಥ ಹಾವು ಇರಲಿಲ್ಲ, ಹಾಗಾಗಿ ಮಾತೇ ಆಡಲಿಲ್ಲ. ಎರಡೂ ಕಡೆ ಪಂಚಾಯ್ತಿಗೆ ಬೇಕಾದದ್ದು ಸತ್ಯವಲ್ಲ, ತಾನು ಒಪ್ಪಬಹುದಾದ ಒಂದು ಹೇಳಿಕೆ.

ಇದರ ತಿರುವುಮುರುವು ಬಂಗಾಳದ ಭಾವಲ್ ಸನ್ಯಾಸಿ ಪ್ರಕರಣ. 1909ರಲ್ಲಿ ಡಾರ್ಜಿಲಿಂಗ್‌ನಲ್ಲಿ ಸತ್ತನೆನ್ನಲಾದ ಭಾವಲ್ ಜಮೀನ್ದಾರಿಯ ಎರಡನೆಯ ಕುಮಾರ ತಾನೇ ಎಂದು ಒಬ್ಬ ಸನ್ಯಾಸಿ 1921ರಲ್ಲಿ ಹೇಳಿಕೊಂಡ. ಅಕ್ಕತಂಗಿಯರು ಒಪ್ಪಿದರು, ಪ್ರಜೆಗಳು ಒಪ್ಪಿದರು; ಹೆಂಡತಿ ಬಿಭಾವತಿ ದೇವಿ ಕೊನೆಯವರೆಗೂ ಒಪ್ಪಲಿಲ್ಲ. 1936ರಲ್ಲಿ ಢಾಕಾದ ನ್ಯಾಯಾಧೀಶರು, 1940ರಲ್ಲಿ ಕಲ್ಕತ್ತಾ ಹೈಕೋರ್ಟು, 1946ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಮೂರೂ ಕಡೆ ಸನ್ಯಾಸಿಯೇ ಗೆದ್ದ. ಆರ್ತಿಗಾ ಪ್ರಕರಣದಲ್ಲಿ ಹೆಂಡತಿಯ ಮೌನಕ್ಕೆ ನ್ಯಾಯಾಲಯವೇ ಅರ್ಥ ಕೊಟ್ಟಿತು. ಢಾಕಾದಲ್ಲಿ ಹೆಂಡತಿ ಬಾಯಿಬಿಟ್ಟು ಹೇಳಿದ್ದಕ್ಕೆ ಬೆಲೆ ಸಿಗಲಿಲ್ಲ. ಸನ್ಯಾಸಿ ನಿಜವಾಗಿ ಕುಮಾರನೇ ಆಗಿದ್ದಿರಬಹುದು. ಆದರೂ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟಾಗ ಮನಸ್ಸಿಗೆ ಇರಿಸುಮುರಿಸಾಗುತ್ತದೆ.

ಇವೆಲ್ಲ ಹಳೆಯ ಕಾಲದ ತೊಡಕು, ಇಂದಾದರೆ ಬೆರಳಚ್ಚು ಒತ್ತಿಸಿದರೆ ಮುಗಿಯಿತು ಎಂದು ಯಾರಾದರೂ ಹೇಳಬಹುದು. ಬೆರಳಚ್ಚು ಕೊರಾಸ್‌ನ ಪ್ರಶ್ನೆಗೆ ಉತ್ತರ ಕೊಡುತ್ತಿತ್ತು, ಸಂದೇಹವಿಲ್ಲ. ಆದರೆ ಬೆರಳು ಯಾರದು ಎಂದು ಗೊತ್ತಾದ ಮಾತ್ರಕ್ಕೆ ಮನುಷ್ಯ ಯಾರು ಎಂದು ಗೊತ್ತಾಗುವುದಿಲ್ಲ. ಫ್ರಾನ್ಸಿನಲ್ಲೇ ಒಬ್ಬ, ತಾನು ವೈದ್ಯ, ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಎಂದು ಹದಿನೆಂಟು ವರ್ಷ ಮನೆಯವರನ್ನು ನಂಬಿಸಿ, ಗುಟ್ಟು ಬಯಲಾಗುವ ಹೊತ್ತಿಗೆ, 1993ರಲ್ಲಿ, ಹೆಂಡತಿ ಮಕ್ಕಳನ್ನೂ ತಂದೆತಾಯಿಯನ್ನೂ ಕೊಂದ. ಹೆಸರು ಅವನದೇ, ಮುಖ ಅವನದೇ, ಬೆರಳೂ ಅವನದೇ. ಆ ಪ್ರಕರಣದ ನೆರಳಿನಲ್ಲೇ ಲೊರಾಂ ಕಾಂತೆ 2001ರಲ್ಲಿ ‘ಟೈಮ್ ಔಟ್’ ಎಂಬ ಚಿತ್ರ ಮಾಡಿದರು. ಕೊಲೆಯನ್ನು ಬಿಟ್ಟು, ಕೆಲಸ ಕಳೆದುಕೊಂಡವನು ಕೆಲಸಕ್ಕೆ ಹೋಗುವ ನಾಟಕವಾಡುತ್ತಾ ಕಾರಿನಲ್ಲಿ ದಿನ ಕಳೆಯುವುದನ್ನಷ್ಟೇ ಅವರು ತೋರಿಸಿದರು. ಆರ್ನೋ ಸುಳ್ಳು ಹೆಸರಿನಡಿ ನಿಜವಾದ ಬದುಕು ನಡೆಸಿದ. ಇವರು ನಿಜ ಹೆಸರಿನಡಿ ಸುಳ್ಳು ಬದುಕು ನಡೆಸಿದರು. ಯಾರ ಜೊತೆ ಮನೆ ಮಾಡಬಹುದು ಎಂದು ಕೇಳಿದರೆ ಆರ್ತಿಗಾದ ಮಂದಿ ಹೇಳುವ ಉತ್ತರ ನನಗೆ ಗೊತ್ತು.

ಅಮೆರಿಕನ್ನರು 1993ರಲ್ಲಿ ಇದೇ ಕಥೆಯನ್ನು ‘ಸಾಮರ್ಸ್‌ಬಿ’ ಎಂಬ ಹೆಸರಿನಲ್ಲಿ, ತಮ್ಮ ಅಂತರ್ಯುದ್ಧದ ನಂತರದ ಕಾಲಕ್ಕೆ ಒಗ್ಗಿಸಿದರು. ಅಲ್ಲಿ ನಾಯಕ ಊರಿನ ಹಿತಕ್ಕಾಗಿ ಸುಳ್ಳು ಹೆಸರಿನಲ್ಲೇ ಸಾಯುವ ಮಹಾತ್ಮನಾಗುತ್ತಾನೆ. ಲೆಕ್ಕ ಕೇಳುವ ಸಣ್ಣತನವೂ ಇಲ್ಲ, ಆ ಸಣ್ಣತನದಿಂದ ಬರುವ ಜೀವವೂ ಇಲ್ಲ.

ಈಗ ಫ್ರೆಂಚ್ ಚಿತ್ರದ ತಪ್ಪಿಗೆ ಬರುತ್ತೇನೆ. ಒಂದೂವರೆ ಗಂಟೆಗೂ ಹೆಚ್ಚು ಕಾಲ ನತಾಲಿ ಬೇ ಎಂಬ ನಟಿ ಬರ್ಟ್ರಾಂಡ್‌ಳ ಮುಖವನ್ನು ಹದವಾಗಿ ಕಾಯ್ದುಕೊಳ್ಳುತ್ತಾರೆ. ನಂಬಿದ್ದಾಳೋ, ನಂಬಿದಂತೆ ಇದ್ದಾಳೋ, ನಂಬಲು ತೀರ್ಮಾನಿಸಿದ್ದಾಳೋ ಹೇಳಲಾಗದು. ಹಾಗಿರುವಾಗ ಕೊನೆಯಲ್ಲಿ ನ್ಯಾಯಾಧೀಶ ಅವಳನ್ನು ಕಂಡು ಕಾರಣ ಕೇಳುತ್ತಾನೆ, ಅವಳು ಒಪ್ಪಿಕೊಂಡು ವಿವರಿಸಿಬಿಡುತ್ತಾಳೆ. ಪ್ರೇಕ್ಷಕನಿಗೆ ಸಮಾಧಾನವಾಗುತ್ತದೆ, ಬರ್ಟ್ರಾಂಡ್‌ಗೆ ಅನ್ಯಾಯವಾಗುತ್ತದೆ. ತನ್ನನ್ನೂ ಮಗಳನ್ನೂ ಉಳಿಸಿದ ಒಂದೇ ಒಂದು ಗುಟ್ಟನ್ನು, ಅದನ್ನು ಶಿಕ್ಷಿಸುವ ಅಧಿಕಾರವಿದ್ದ ಗಂಡಸಿನ ಮುಂದೆ ಆ ಹೆಣ್ಣು ಬಿಚ್ಚಿಡುತ್ತಿದ್ದಳೇ? ಚಿತ್ರಕಥೆಯಲ್ಲಿ ವಿನ್ಯ ಅವರ ಜೊತೆಗಿದ್ದವರು ಜಾಂ-ಕ್ಲೋದ್ ಕ್ಯಾರಿಯೇರ್. ಪೀಟರ್ ಬ್ರೂಕ್ ಅವರ ‘ಮಹಾಭಾರತ’ ನಾಟಕವನ್ನು ಬರೆದವರೂ ಅವರೇ. ಕುಂತಿಯ ಗುಟ್ಟಿನ ಭಾರ ಬಲ್ಲ ಬರಹಗಾರ ಇಲ್ಲಿ ಅವಸರಪಟ್ಟದ್ದು ಅಚ್ಚರಿ. ಡೇವಿಸ್ ಅವರಿಗೂ ಚಿತ್ರದ ಬಗ್ಗೆ ಇರಿಸುಮುರಿಸಿತ್ತು. ಗೆರ್ ಕುಟುಂಬ ಬಾಸ್ಕ್ ಸೀಮೆಯಿಂದ ಬಂದದ್ದು, ಹಳ್ಳಿಯಲ್ಲಿ ಹಬ್ಬುತ್ತಿದ್ದ ಪ್ರಾಟೆಸ್ಟೆಂಟ್ ಮತ, ಹೆಂಡತಿಯ ಇಬ್ಬಗೆಯ ಆಟ, ನ್ಯಾಯಾಧೀಶನ ಒಳದ್ವಂದ್ವ ಎಲ್ಲ ಚಿತ್ರದಲ್ಲಿ ತೆಳುವಾದವು ಎಂದು ಅವರು ಬರೆದರು. ಪುಸ್ತಕ ಬರೆಯಲು ಕೂತದ್ದು ಭಾಗಶಃ ಆ ಕೊರತೆಯಿಂದಲೇ.

ಕೊರಾಸ್ ಈ ಪ್ರಕರಣವನ್ನು 1561ರಲ್ಲಿ ಪುಸ್ತಕವಾಗಿ ಪ್ರಕಟಿಸಿದ, ಅದು ಮತ್ತೆ ಮತ್ತೆ ಅಚ್ಚಾಯಿತು. ಅವನೂ ಪ್ರಾಟೆಸ್ಟೆಂಟ್ ಮತದ ಕಡೆಗೆ ಸರಿದಿದ್ದವನು. 1572ರ ಮತೀಯ ಕಗ್ಗೊಲೆಗಳಲ್ಲಿ ಟುಲೂಸಿನಲ್ಲೇ ಕೊಲೆಯಾದ. ಪ್ರಬಂಧಕಾರ ಮೊಂಟೇನ್ ಆ ಪುಸ್ತಕ ಓದಿ, ಇಷ್ಟು ಗೊಂದಲದ ವಿಷಯದಲ್ಲಿ ಒಬ್ಬನನ್ನು ನೇಣಿಗೇರಿಸುವ ಧೈರ್ಯ ನ್ಯಾಯಾಧೀಶನಿಗೆ ಎಲ್ಲಿಂದ ಬಂತು, ನಮಗೆ ಅರ್ಥವಾಗುತ್ತಿಲ್ಲ ಎಂದು ಹೇಳುವ ತೀರ್ಪೂ ಇರಬಾರದೇಕೆ ಎಂದು ಕೇಳಿದ. ಆ ಪ್ರಶ್ನೆ ಆರ್ನೋಗಿಂತ ಹೆಚ್ಚಾಗಿ ಬರ್ಟ್ರಾಂಡ್‌ಗೆ ಸಲ್ಲಬೇಕು. ಅರ್ಥವಾಗುತ್ತಿಲ್ಲ ಎಂದು ಅವಳನ್ನು ಹಾಗೇ ಬಿಡುವ ಸೌಜನ್ಯ ಸಿನಿಮಾಕ್ಕೂ ಇರಬೇಕಿತ್ತು.

ಚಿತ್ರ ಸಿಕ್ಕರೆ ಖಂಡಿತ ನೋಡಿ. ದೆಪಾರ್ದ್ಯು ಮಾತಾಡುವಾಗಲೂ ಕಣ್ಣು ನತಾಲಿ ಬೇ ಕಡೆಗಿರಲಿ. ತೀರ್ಪು ಬಂದ ಮೇಲೆ ಅವಳು ಹೇಳುವ ಕಾರಣಗಳನ್ನು ಮಾತ್ರ ಪೂರ್ತಿ ನಂಬಬೇಡಿ.